ಸೋಮವಾರದ ಎತ್ತು

ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡಬಾರದು. ಅದು ಶಿವನ ವಾರ, ಎತ್ತು ಶಿವನ ವಾಹನ. ಕಲ್ಲುಸಂತೆಯ ಸಾಹುಕಾರ ಪಂಚಾಕ್ಷರಯ್ಯನವರ ಮನೆಯಲ್ಲಿ ಈ ನೇಮ ಮುತ್ತಾತನ ಕಾಲದಿಂದ ಒಂದು ವಾರವೂ ತಪ್ಪಿದ್ದಿಲ್ಲ. ಸೋಮವಾರ ಬೆಳಗಾದರೆ ಗಾಣದ ಎತ್ತಿಗೆ ಮೈ ತೊಳೆಸಿ, ಹಣೆಗೆ ವಿಭೂತಿ ಹಚ್ಚಿ, ಒಂದು ಅಚ್ಚು ಬೆಲ್ಲ ತಿನ್ನಿಸಿ, ಕೈಮುಗಿದು, ಬೇವಿನ ಮರದ ನೆರಳಿಗೆ ಕಟ್ಟಿಸುತ್ತಿದ್ದರು. ಆಮೇಲೆ ಗಾಣಕ್ಕೆ ಗುಂಡಯ್ಯನನ್ನು ಹೂಡಿಸುತ್ತಿದ್ದರು.

ಗುಂಡಯ್ಯ ಶಿವನ ವಾಹನ ಎಂದು ಯಾವ ಶಾಸ್ತ್ರದಲ್ಲೂ ಬರೆದಿಲ್ಲ. ಆದ್ದರಿಂದ ಪಾಪವಿಲ್ಲ.

ಈ ಏರ್ಪಾಡು ಶುರುವಾದದ್ದು ಜರ್ಮನಿ ಯುದ್ಧದ ಮೂರನೆಯ ವರ್ಷ. ಸೀಮೆಎಣ್ಣೆ ರೇಷನ್ ಚೀಟಿಗೆ ಬಂತು. ಚೀಟಿಗೆ ಬಂದದ್ದು ಅಂಗಡಿಗೆ ಬರಲಿಲ್ಲ. ಹೊಳೆನರಸೀಪುರದಿಂದ ಅರಕಲಗೂಡಿನವರೆಗೆ ಮನೆಮನೆಯಲ್ಲೂ ಮತ್ತೆ ಹೊಂಗೆಎಣ್ಣೆಯ ಹಣತೆ ಹತ್ತಿತು. ಎರಡೂರಿನ ನಡುವೆ ಇದ್ದ ಕಲ್ಲುಸಂತೆಯ ಗಾಣ ವಾರವಿಡೀ ಆಡಿದರೂ ಸಾಲದು ಎನ್ನುವಂತಾಯಿತು. ಸೋಮವಾರ ಸುಮ್ಮನೆ ನಿಂತ ಗಾಣವನ್ನು ನೋಡಿ ಸಾಹುಕಾರರ ಹೊಟ್ಟೆ ಉರಿಯಿತು. ಎತ್ತು ಹೂಡಿದರೆ ನೇಮ ಕೆಡುತ್ತದೆ, ಹೂಡದಿದ್ದರೆ ವ್ಯಾಪಾರ ಕೆಡುತ್ತದೆ. ಭಕ್ತನಿಗೆ ಶಿವನೇ ದಾರಿ ತೋರಿಸುತ್ತಾನೆ ಎನ್ನುತ್ತಾರೆ. ಆ ಹೊತ್ತಿಗೆ ಸರಿಯಾಗಿ ಗುಂಡಯ್ಯ ಹೆಗಲಿಗೊಂದು ತಲೆಗೊಂದು ಹೊಂಗೆಬೀಜದ ಮೂಟೆ ಹೊತ್ತುಕೊಂಡು ಅಂಗಳಕ್ಕೆ ಬಂದ.

ಗುಂಡಯ್ಯನಿಗೆ ಆಗ ಮೂವತ್ತಾರು. ಎದೆ ಬಾಗಿಲಗಲ. ಮಾತು ಮಾತ್ರ ನಾಲ್ಕು: ಅಕ್ಕ, ಹಿಟ್ಟು, ನೀರು, ಹೂಂ. ಹುಟ್ಟಿನಿಂದಲೇ ಹಾಗೆ. ಊರು ಅವನನ್ನು ಪೆದ್ದಗುಂಡ ಎಂದು ಕರೆದು ಕೈ ತೊಳೆದುಕೊಂಡಿತ್ತು.

ಆದರೆ ಗುಂಡಯ್ಯ ನಗುತ್ತಿದ್ದ. ಇದನ್ನು ಈಗಲೇ ಹೇಳಬೇಕು, ಯಾಕೆಂದರೆ ಮುಂದೆ ಆದದ್ದೆಲ್ಲ ಈ ನಗುವಿನಿಂದಲೇ. ಚಿಕ್ಕಂದಿನಲ್ಲಿ ಊರ ಹುಡುಗರು ಅವನನ್ನು ಹುಣಸೆ ಬರಲಿನಲ್ಲಿ ಬಾರಿಸುತ್ತಿದ್ದರು. ಅತ್ತರೆ ಇನ್ನೆರಡು ಬೀಳುತ್ತಿತ್ತು. “ನಗ್ಲಾ ಗುಂಡ, ನಕ್ರೆ ಬುಟ್ಬುಡ್ತೀವಿ” ಎನ್ನುತ್ತಿದ್ದರು. ನಕ್ಕರೆ ಬಿಡುತ್ತಿದ್ದರು. ಬುದ್ಧಿಯೇ ಇಲ್ಲ ಎಂದು ಎಲ್ಲರೂ ಸಾರುತ್ತಿದ್ದ ಗುಂಡಯ್ಯ ಈ ಪಾಠವನ್ನು ಒಂದೇ ವಾರದಲ್ಲಿ ಕಲಿತ. ಅಂದಿನಿಂದ ಕೋಲು ಕಂಡರೆ ನಗು, ಗದರಿದರೆ ನಗು, ನಾಯಿ ಮೇಲೆ ಬಿದ್ದರೆ ನಗು. ಹಲ್ಲೆಲ್ಲ ಕಾಣುವಂತೆ ತುಟಿ ಹಿಂದಕ್ಕೆ ಎಳೆದುಕೊಳ್ಳುತ್ತಿತ್ತು. ಕಣ್ಣು ತಪ್ಪಿಸಿಕೊಳ್ಳಲು ಜಾಗ ಹುಡುಕುತ್ತಿತ್ತು. ಹೆದರಿಕೆ ಇಲ್ಲದ ಹೊತ್ತಿನಲ್ಲಿ ಅವನ ಮುಖ ಗಾಳಿಯಿಲ್ಲದ ಕೆರೆಯ ಹಾಗೆ ಸುಮ್ಮನೆ ಇರುತ್ತಿತ್ತು. ಇದು ಅವನ ಅಕ್ಕ ಶಿವಗಂಗಮ್ಮನಿಗೆ ಗೊತ್ತಿತ್ತು. ಬೇರೆ ಯಾರಿಗೂ ಗೊತ್ತಿರಲಿಲ್ಲ. ಗೊತ್ತುಮಾಡಿಕೊಂಡು ಆಗಬೇಕಾದದ್ದೂ ಏನಿರಲಿಲ್ಲ.

ಶಿವಗಂಗಮ್ಮ ಅವನಿಗಿಂತ ಹದಿನಾರು ವರ್ಷ ದೊಡ್ಡವಳು. ಅವನನ್ನು ಕಂಕುಳಲ್ಲಿ ಹೊತ್ತು ಬೆಳೆಸಿದವಳು. ಗಂಡ ಸತ್ತ ಮೇಲೆ ಕಲ್ಲುಸಂತೆಗೆ ಎರಡು ಹರದಾರಿ ದೂರದ ಹಳ್ಳಿಯಲ್ಲಿ, ಮೈದುನನ ಹಿತ್ತಲಿನ ಗುಡಿಸಲಲ್ಲಿ ಇದ್ದಳು. ಕಳೆ ಕೀಳುವಳು, ರಾಗಿ ಬೀಸುವಳು, ಕರೆದವರ ಮನೆಯ ಬಾಣಂತನ ಮಾಡುವಳು. ಇಬ್ಬರ ಅವ್ವ ಸಾಯುವ ಹೊತ್ತಿಗೆ ಪಂಚಾಕ್ಷರಯ್ಯನವರು ಬಂದಿದ್ದರು. ದೂರದ ನೆಂಟರು, ಬಾಯ್ತುಂಬ ಶಿವನಾಮ. “ಗುಂಡನ್ನ ಧರ್ಮಕ್ಕೆ ಸಾಕ್ತೀನಿ” ಎಂದು ಒಂದು ಕಾಗದಕ್ಕೆ ಮುದುಕಿಯ ಹೆಬ್ಬೆಟ್ಟು ಒತ್ತಿಸಿಕೊಂಡರು. ಅಂದಿನಿಂದ ಗುಂಡಯ್ಯ ಅವರ ಸುಪರ್ದಿಗೆ ಸೇರಿದ. ಸೌದೆ ಒಡೆಯುವುದು, ಮೂಟೆ ಹೊರುವುದು, ಕೊಟ್ಟಿಗೆ ಬಾಚುವುದು ಎಲ್ಲ ಅವನದೇ. ಕೂಲಿ ಇಲ್ಲ. ನೆಂಟರಿಗೆ ಕೂಲಿ ಕೊಟ್ಟರೆ ಅವಮಾನವಲ್ಲವೇ?

ಅಕ್ಕ ಗುರುವಾರದ ಸಂತೆಗೆ ಬಂದಾಗಲೆಲ್ಲ ತಮ್ಮನನ್ನು ನೋಡಿ ಹೋಗುತ್ತಿದ್ದಳು. ಗುರುವಾರ ಗಾಣದಲ್ಲಿ ಎತ್ತು ಇರುತ್ತಿತ್ತು. ಎರಡು ಸಲ ಅವನ ಹೆಗಲು ಸುಲಿದಿದ್ದನ್ನು ಕಂಡು ಕೇಳಿದ್ದಳು. ಮೂಟೆ ಉಜ್ಜಿದ್ದು ಎಂದು ಸಾಹುಕಾರರು ಹೇಳಿದ್ದರು. ಹೊರುವವನ ಹೆಗಲು ಸುಲಿಯದೆ ಹೊರಿಸುವವನದು ಸುಲಿಯುತ್ತದೆಯೇ ಎಂದು ಅವಳೂ ಸುಮ್ಮನಾಗಿದ್ದಳು.

ಒಂದು ಸೋಮವಾರ ಬಾಣಂತಿಯ ಮನೆಗೆ ಎಣ್ಣೆ ತರಲು ಬಂದಳು. ಮನೆಯ ಪಕ್ಕದ ಬೇವಿನ ಮರದ ಕೆಳಗೆ ಎತ್ತು ಮಲಗಿ ಮೆಲುಕು ಹಾಕುತ್ತಿತ್ತು. ಹಿತ್ತಲಲ್ಲಿ ಗಾಣ ಕಿರುಗುಟ್ಟುತ್ತಿತ್ತು. ಎತ್ತು ಇಲ್ಲಿದೆ, ಗಾಣ ಅಲ್ಲಿ ತಿರುಗುತ್ತಿದೆ. ಶಿವಗಂಗಮ್ಮ ಹಿತ್ತಲಿಗೆ ಹೋದಳು.

ಗುಂಡಯ್ಯನ ಎದೆಗೆ ಅಡ್ಡಲಾಗಿ ಗೋಣಿ ಸುತ್ತಿದ ಹಗ್ಗ. ಹಗ್ಗದ ತುದಿ ಗಾಣದ ತೊಲೆಗೆ. ಕಣ್ಣಿಗೆ ಎತ್ತಿಗೆ ಕಟ್ಟುವ ಅದೇ ಬಟ್ಟೆ. ಸುತ್ತಿ ಸುತ್ತಿ ತಲೆ ತಿರುಗಬಾರದಲ್ಲ, ಅಷ್ಟು ದಯೆ ಇತ್ತು. ಅವನು ಮುಂದಕ್ಕೆ ಬಾಗಿ, ಕಾಲ್ಬೆರಳು ನೆಲಕ್ಕೆ ಊರಿ ಎಳೆಯುತ್ತಿದ್ದ. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು. ಬೀಜ ಚೆನ್ನಾಗಿ ಅರೆಯಲಿ ಎಂದು ತೊಲೆಯ ಮೇಲೆ ಭಾರಕ್ಕೆ ಪಂಚಾಕ್ಷರಯ್ಯನವರೇ ಕೂತಿದ್ದರು, ಕೈಯಲ್ಲಿ ರುದ್ರಾಕ್ಷಿ ಸರ. ಸೋಮವಾರ ಅವರಿಗೆ ಉಪವಾಸ. ಉಪವಾಸದಲ್ಲಿ ಮೈ ಹಗುರಾಗುತ್ತದೆಂದು ಪಕ್ಕದಲ್ಲಿ ಒಂದು ಕಲ್ಲನ್ನೂ ಇಟ್ಟುಕೊಂಡಿದ್ದರು.

“ಅಣ್ಣಯ್ಯ! ಇದೇನು ಅನ್ಯಾಯ ಮಾಡ್ತಿದ್ದೀರಿ?”

“ಓ, ಗಂಗವ್ವನಾ? ಬಾ. ಯಾವ ಅನ್ಯಾಯ?”

“ಎತ್ತಿಗೆ ಕಟ್ಟೋ ಅಗ್ಗನ ಮನ್ಸಂಗೆ ಕಟ್ಟಿದ್ದೀರಲ್ಲ!”

“ಮತ್ತೆ? ಸ್ವಾಮಾರ ಎತ್ತಿಗೆ ಕಟ್ಬೌದೇನೆ? ಶಿವಭಕ್ತರ ಮನೇಲಿ ಉಟ್ಟಿ ಎಂಥಾ ಮಾತಾಡ್ತೀಯವ್ವ ನೀನು.” ಸಾಹುಕಾರರು ನಿಜಕ್ಕೂ ನೊಂದುಕೊಂಡರು. “ಅವನ ಮಖ ನೋಡು. ಎಂಗ್ ನಗ್ತಾವ್ನೆ. ನೋವಾಗಿದ್ರೆ ಅಳ್ತಿರ್ಲಿಲ್ವಾ?”

ಯಜಮಾನರ ದನಿ ಕೇಳಿ ಗುಂಡಯ್ಯನ ಹಲ್ಲು ಇನ್ನಷ್ಟು ಕಂಡವು.

ಶಿವಗಂಗಮ್ಮ ಹಗ್ಗಕ್ಕೆ ಕೈ ಹಾಕಿದಳು. ಸಾಹುಕಾರರು ಕಾಗದದ ಮಾತೆತ್ತಿದರು. ಅವ್ವನ ಹೆಬ್ಬೆಟ್ಟು. ಸುಪರ್ದಿ. ಪೊಲೀಸು. ಅವಳು ಕೈ ತೆಗೆದಳು. ಅಂದು ತೆಗೆದ ಕೈಯನ್ನು ಅವಳು ಸಾಯುವವರೆಗೂ ಬೈದುಕೊಂಡಳು.

ಮಾರನೆಯ ದಿನ ಅರ್ಜಿ ಬರೆಯುವವನನ್ನು ಹುಡುಕಿಕೊಂಡು ಹೋಗಿ ಬರೆಸಿ, ತಾಲ್ಲೂಕಿನ ಅಮಲ್ದಾರರ ಕಾಲಿಗೆ ಬಿದ್ದಳು. ತಮ್ಮನನ್ನು ಬಿಡಿಸಿ ನನ್ನ ಮನೆಗೆ ಕಳಿಸಿಕೊಡಿ, ಅಷ್ಟೆ. ಅಮಲ್ದಾರರು ಅರ್ಜಿಯನ್ನು ಎರಡು ಸಲ ಓದಿದರು. ಎತ್ತನ್ನು ಹೂಡಿದ ತಕರಾರು ಬಂದದ್ದುಂಟು, ಎತ್ತನ್ನು ಹೂಡದ ತಕರಾರು ಬಂದದ್ದು ಇದೇ ಮೊದಲು. ಅವರು ಆ ಕಡೆಯೂ ವಾಲದೆ ಈ ಕಡೆಯೂ ವಾಲದೆ ಒಂದು ಉಪಾಯ ಕಂಡರು.

“ಮೈಸೂರಿನಿಂದ ಒಬ್ಬ ದೊಡ್ಡ ವಿದ್ವಾಂಸರು ಬಂದಿದಾರಮ್ಮ. ಇಂಥವರ ವಿಚಾರವಾಗೇ ಓದಿದಾರೆ. ಇವರ ವರ್ತನೆ ಹೇಗಿರುತ್ತೆ, ಯೋಗಕ್ಷೇಮ ಯಾವುದರಲ್ಲಿದೆ ಅಂತ ಸಂಶೋಧನೆ ಮಾಡ್ತಿದಾರೆ. ನಿನ್ನ ತಮ್ಮನ್ನ ಅವರೇ ನೋಡಲಿ. ಅವನು ಎಲ್ಲಿ ಸುಖವಾಗಿದಾನೆ ಅಂತ ಅವರು ಬರೀತಾರೋ ಅಲ್ಲೇ ಇರಲಿ.”

“ಬುದ್ಧಿ, ಅವನ್ನ ಬ್ಯಾರೇರು ಯಾಕೆ ನೋಡ್ಬೇಕು? ಅವನ ಹೆಗಲು ನೋಡಿ ಸಾಕು.”

“ಹೆಗಲು ನೋಡೋದು ಡಾಕ್ಟರ ಕೆಲಸ. ಇದು ಮನಸ್ಸಿನ ವಿಚಾರ.”

ವಿದ್ವಾಂಸರ ಹೆಸರು ಚಂದ್ರಶೇಖರಯ್ಯ. ಕಪ್ಪು ಕೋಟು, ಜರಿ ಪೇಟ, ತೆಳ್ಳನೆಯ ಒಳ್ಳೆಯ ಮನುಷ್ಯ. ಹಾಸನದಲ್ಲಿ ಹನ್ನೊಂದು ಜನ, ಚನ್ನರಾಯಪಟ್ಟಣದಲ್ಲಿ ಒಂಬತ್ತು ಜನ, ಅರಕಲಗೂಡಿನಲ್ಲಿ ಆರು ಜನ ಪೆದ್ದರು ಅವರ ಪಟ್ಟಿಗೆ ಸೇರಿದ್ದರು. ಹೊಳೆನರಸೀಪುರದ ಕಡೆ ಯಾರೂ ಸಿಕ್ಕಿರಲಿಲ್ಲ; ಅಲ್ಲಿನ ಪೆದ್ದರು ಬುದ್ಧಿವಂತಿಕೆಯಿಂದ ಅಡಗಿಕೊಂಡಿದ್ದರು. ಆದ್ದರಿಂದ ಗುಂಡಯ್ಯ ಸಿಕ್ಕಿದ್ದು ಅವರಿಗೆ ನಿಧಿ ಸಿಕ್ಕ ಹಾಗಾಯಿತು. ಕಲ್ಲುಸಂತೆಯಲ್ಲಿ ಛತ್ರ ಇರಲಿಲ್ಲವಾಗಿ ಪಂಚಾಕ್ಷರಯ್ಯನವರ ಮನೆಯಲ್ಲೇ ಇಳಿದುಕೊಂಡರು. ಬೆಳಗ್ಗೆ ಉಪ್ಪಿಟ್ಟು, ಮಧ್ಯಾಹ್ನ ಹೋಳಿಗೆ, ರಾತ್ರಿ ಕೆನೆಹಾಲು. ಸಂಶೋಧನೆಯಲ್ಲಿ ಪಕ್ಷಪಾತ ಇರಬಾರದು ಎನ್ನುವುದು ಅವರ ಕಟ್ಟುನಿಟ್ಟಾದ ನಿಯಮ. ಅದನ್ನು ಹೋಳಿಗೆ ತಿನ್ನುತ್ತ ಸಾಹುಕಾರರಿಗೆ ವಿವರಿಸಿದರು.

ಪರೀಕ್ಷೆಯ ದಿನ ಶಿವಗಂಗಮ್ಮ ಬೆಳಕು ಹರಿಯುವುದರೊಳಗೆ ಹೊರಟು ಬಂದು ಜಗಲಿಯ ಕೆಳಗೆ ಕೂತಳು. ವಿದ್ವಾಂಸರು ಗುಂಡಯ್ಯನಿಗೆ ಒಂದು ಪೆಪ್ಪರ್‌ಮಿಂಟು ಕೊಟ್ಟು ಚಿತ್ರ ತೋರಿಸಿದರು. ಮೂರು ಕಾಲಿನ ಮೇಜು.

“ಇದರಲ್ಲಿ ಏನು ತಪ್ಪಿದೆ ಹೇಳಪ್ಪ.”

ಗುಂಡಯ್ಯ ಮೇಜನ್ನೇ ಕಂಡವನಲ್ಲ. ಅವನಿಗೆ ತಪ್ಪು ಕಾಣಲಿಲ್ಲ. ಕಾಗದದ ಮೇಲೆ ಒಂದು ಸೊನ್ನೆ ಬಿತ್ತು.

ಆಮೇಲೆ ಬಣ್ಣದ ಮರದ ತುಂಡುಗಳು. ಹತ್ತು ತುಂಡು, ಒಂದರ ಮೇಲೊಂದು ಗೋಪುರ ಮಾಡಬೇಕು. ಗುಂಡಯ್ಯ ತುಂಡುಗಳನ್ನು ನೋಡಿದ, ವಿದ್ವಾಂಸರನ್ನು ನೋಡಿದ. ಎಲ್ಲವನ್ನೂ ಬಾಚಿ ಪಕ್ಕದಲ್ಲಿದ್ದ ಮೊರಕ್ಕೆ ತುಂಬಿದ. ಮೊರ ತಲೆಗೇರಿಸಿಕೊಂಡ. ಎಲ್ಲಿ ಇಳಿಸಲಿ ಎಂದು ಎದ್ದು ನಿಂತ. ಇಷ್ಟು ವರ್ಷದಲ್ಲಿ ಅವನ ಮುಂದೆ ತಂದಿಟ್ಟದ್ದೆಲ್ಲ ಹೊರುವುದಕ್ಕೇ ಆಗಿತ್ತು. ಇನ್ನೊಂದು ಸೊನ್ನೆ ಬಿತ್ತು. ಜಗಲಿಯ ಮೇಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರು ನಕ್ಕದ್ದು ಕಂಡು ಗುಂಡಯ್ಯನೂ ಹಲ್ಲು ಬಿಟ್ಟ. ವಿದ್ವಾಂಸರು ಚಕ್ಕನೆ ಒಂದು ಗೀಟು ಹಾಕಿಕೊಂಡರು.

“ಅದೇನ್ ಸ್ವಾಮಿ ಗೀಟು?” ಶಿವಗಂಗಮ್ಮ ಕೇಳಿದಳು.

“ನಗು ಕಣಮ್ಮ. ಮಾತು ಬಾರದವರ ಸುಖ ತಿಳಿಯೋಕೆ ನಗುವೇ ಅಳತೆ. ಗಂಟೆಗೆ ಎಷ್ಟು ಸಲ ನಗ್ತಾರೆ ಅಂತ ಎಣಿಸೋದು. ಇದು ನಾನೇ ಕಂಡುಹಿಡಿದ ಕ್ರಮ.”

“ಅದು ನಗು ಅಲ್ಲ ಸ್ವಾಮಿ. ಎದ್ರಿಕೆ. ಒಡೀತಾರೆ ಅನ್ನುಸ್ದಾಗ ಅಂಗೆ ಹಲ್ ಬುಡ್ತಾನೆ.”

ಚಂದ್ರಶೇಖರಯ್ಯನವರು ಕನಿಕರದಿಂದ ಅವಳನ್ನು ನೋಡಿದರು. “ನೀವು ಅಕ್ಕ. ನಿಮ್ಮ ಮಾತಿನಲ್ಲಿ ಮಮತೆ ಬೆರೆತಿರುತ್ತೆ. ಶಾಸ್ತ್ರಕ್ಕೆ ಮಮತೆ ಆಗೋದಿಲ್ಲಮ್ಮ.”

“ಸಾವ್ಕಾರ್ರ ಮಾತು ಆಗ್ತದಾ?”

ಆಗುತ್ತಿತ್ತು. ಯೋಗಕ್ಷೇಮದ ಪ್ರಶ್ನೆಗಳು ಇಪ್ಪತ್ತು, ಅಚ್ಚು ಹಾಕಿಸಿಕೊಂಡು ತಂದಿದ್ದರು. ಗುಂಡಯ್ಯನಿಗೆ ಉತ್ತರ ಬಾರದಾದ್ದರಿಂದ ಅವನ ಪರವಾಗಿ ಪಂಚಾಕ್ಷರಯ್ಯನವರು ಹೇಳಿದರು. ಹೊಟ್ಟೆ ತುಂಬ ಉಣ್ಣುತ್ತಾನೆಯೇ? ಉಣ್ಣುತ್ತಾನೆ. ನಿದ್ದೆ ಚೆನ್ನಾಗಿ ಬರುತ್ತದೆಯೇ? ಬಿದ್ದ ಕಡೆ ಹೆಣದ ಹಾಗೆ ಮಲಗುತ್ತಾನೆ. ಕೆಲಸದಲ್ಲಿ ಆಸಕ್ತಿ ಇದೆಯೇ? ನಿಲ್ಲಿಸು ಎನ್ನುವವರೆಗೂ ನಿಲ್ಲಿಸುವುದಿಲ್ಲ. ಕೋಪ ಉಂಟೇ? ಇಲ್ಲ. ದುಃಖ? ಇಲ್ಲ. ಬೇರೆ ಕಡೆ ಹೋಗುವ ಆಸೆ? ಸಾಹುಕಾರರು ಯೋಚಿಸಿ, ಎದೆಯ ಮೇಲೆ ಕೈಯಿಟ್ಟು, “ಇಲ್ಲ” ಎಂದರು. ಗುಂಡಯ್ಯ ಕಂಬದ ಪಕ್ಕದಲ್ಲೇ ನಿಂತಿದ್ದ. ಇಪ್ಪತ್ತಕ್ಕೆ ಹದಿನೆಂಟು ಅಂಕ ಬಂತು. ಊರಿನಲ್ಲಿ ಯಾರನ್ನು ಕೂರಿಸಿ ಕೇಳಿದ್ದರೂ ಅಷ್ಟು ಸುಖಿ ಸಿಕ್ಕುತ್ತಿರಲಿಲ್ಲ.

ಕೊನೆಗೆ ವಿದ್ವಾಂಸರು ಲೆಕ್ಕ ಹಾಕಿ ಪ್ರಕಟಿಸಿದರು. “ಇವನ ಬುದ್ಧಿಯ ವಯಸ್ಸು ನಾಲ್ಕು ವರ್ಷ ಎರಡು ತಿಂಗಳು.”

“ನಾಲ್ಕು ವರ್ಷದ ಮಗೀನ ಗಾಣಕ್ಕೆ ಕಟ್ಬೌದಾ ಸ್ವಾಮಿ?”

ಚಂದ್ರಶೇಖರಯ್ಯನವರ ಲೇಖನಿ ನಿಂತಿತು. ಆ ಪ್ರಶ್ನೆ ಅವರ ಇಪ್ಪತ್ತರಲ್ಲಿ ಇರಲಿಲ್ಲ. “ಬುದ್ಧಿಗೆ ನಾಲ್ಕು. ದೇಹಕ್ಕೆ ಮೂವತ್ತಾರು” ಎಂದರು.

“ಓ. ಉಣ್ಣಾಕೆ, ಕೂಲಿ ಕೇಳಾಕೆ ನಾಕು. ದುಡಿಯಾಕೆ ಮೂವತ್ತಾರು.”

“ಗಂಗವ್ವಾ,” ಪಂಚಾಕ್ಷರಯ್ಯನವರು ಗದರಿದರು, “ಇದ್ಯಾವಂತರ ಮುಂದೆ ಎದುರ್ ಮಾತಾಡ್ಬ್ಯಾಡ.”

ಅವಳು ಸುಮ್ಮನಾದಳು. ಸುಮ್ಮನಾಗುವುದು ಅವಳಿಗೆ ಚೆನ್ನಾಗಿ ಬರುತ್ತಿತ್ತು. ಐವತ್ತೆರಡು ವರ್ಷ ಅದನ್ನೇ ಕಲಿತಿದ್ದಳು.

ವಾರವಿಡೀ ಎಣಿಕೆ ನಡೆಯಿತು. ಚಂದ್ರಶೇಖರಯ್ಯನವರ ಕೈಯಲ್ಲಿ ಗುಂಡಿ ಒತ್ತಿದರೆ ಓಡಿ, ಮತ್ತೆ ಒತ್ತಿದರೆ ನಿಲ್ಲುವ ಗಡಿಯಾರವಿತ್ತು. ಸೌದೆ ಒಡೆಯುವಾಗ ಗಂಟೆಗೆ ಎರಡು ನಗು. ಕೊಟ್ಟಿಗೆ ಬಾಚುವಾಗ ಒಂದು. ಯಜಮಾನರು ಹತ್ತಿರ ಬಂದಾಗ ಒಂಬತ್ತು. ಯಜಮಾನರ ಕೈಯಲ್ಲಿ ಬಾರುಕೋಲು ಇದ್ದಾಗ ಹದಿನಾಲ್ಕು. ‘ಯಜಮಾನನ ಮೇಲೆ ಅಪಾರವಾದ ಪ್ರೀತಿ’ ಎಂದು ಬರೆದುಕೊಂಡು ಸಾಹುಕಾರರಿಗೆ ಓದಿ ಹೇಳಿದರು. ಸಾಹುಕಾರರ ಕಣ್ಣು ತೇವವಾಯಿತು. ಇಷ್ಟು ದಿನ ತಮಗೂ ಗೊತ್ತಿರಲಿಲ್ಲ ಎಂದರು.

ಸೋಮವಾರ ಬಂತು. ಎತ್ತಿಗೆ ಸ್ನಾನ, ವಿಭೂತಿ, ಬೆಲ್ಲ ಎಲ್ಲ ಆಯಿತು. ವಿದ್ವಾಂಸರಿಗೆ ಹಿತ್ತಲಿನಲ್ಲಿ ಕುರ್ಚಿ ಹಾಕಿದರು. ಶಿವಗಂಗಮ್ಮ ಗೋಡೆಗೆ ಒರಗಿ ನಿಂತಿದ್ದಳು. ಇವತ್ತಾದರೂ ಕಣ್ಣಾರೆ ನೋಡುತ್ತಾರಲ್ಲ ಎಂದು ಅವಳ ಆಸೆ. ನೋಡಿದ ಮೇಲೆ ಯಾವ ಮನುಷ್ಯ ತಾನೇ ಇದನ್ನು ಸುಖ ಎಂದಾನು? ಅವಳಿಗೆ ಓದು ಬರುತ್ತಿರಲಿಲ್ಲ. ಹಾಗಾಗಿ ಓದಿದವರ ಮೇಲೆ ಇನ್ನೂ ನಂಬಿಕೆ ಇತ್ತು.

ಗಾಣ ತಿರುಗಿತು. ಹೆಗಲ ಹಸಿ ಗಾಯಕ್ಕೆ ಹಗ್ಗ ತಾಗಿದಾಗಲೆಲ್ಲ ಗುಂಡಯ್ಯನ ತುಟಿ ಕಿವಿಯವರೆಗೆ ಎಳೆದುಕೊಳ್ಳುತ್ತಿತ್ತು. ತೊಲೆಯ ಮೇಲಿಂದ “ಊಂ, ನಡಿ” ಎಂದಾಗಲೆಲ್ಲ ಎಳೆದುಕೊಳ್ಳುತ್ತಿತ್ತು. ವಿದ್ವಾಂಸರ ಲೇಖನಿ ಬಿಡುವಿಲ್ಲದೆ ಗೀಟು ಹಾಕಿತು. ಅರ್ಧ ಗಂಟೆಗೆ ಮೂವತ್ತೊಂದು. ಹಾಸನದ ಹನ್ನೊಂದು ಜನ ಒಂದು ದಿನಕ್ಕೂ ಅಷ್ಟು ನಕ್ಕಿರಲಿಲ್ಲ. ಅವರು ಕುರ್ಚಿಯಿಂದ ಎದ್ದುಬಿಟ್ಟರು.

“ಅದ್ಭುತ! ನೋಡಿದಿರಾ ಅಮ್ಮ? ಒಂದೇ ಲಯದ ಕೆಲಸ ಇಂಥವರ ಮನಸ್ಸಿಗೆ ಎಷ್ಟು ಹಿತ! ಇದು ಇಂಗ್ಲೆಂಡಿನವರಿಗೂ ಗೊತ್ತಿಲ್ಲ!”

ಶಿವಗಂಗಮ್ಮ ಅವರ ಮುಖವನ್ನು ನೋಡಿದಳು. ಅಲ್ಲಿ ಸುಳ್ಳಿರಲಿಲ್ಲ. ಸುಳ್ಳಿದ್ದಿದ್ದರೆ ಅವಳು ಹೇಗೋ ತಡೆದುಕೊಳ್ಳುತ್ತಿದ್ದಳು.

“ಒಂದು ಕೊರತೆ ಪಂಚಾಕ್ಷರಯ್ಯನೋರೆ,” ವಿದ್ವಾಂಸರು ಹೇಳಿದರು. “ಕಣ್ಣು ಕಾಣಿಸ್ತಿಲ್ಲ. ಪೂರ್ತಿ ಮುಖಭಾವ ಬೇಕು. ಆ ಬಟ್ಟೆ ಬಿಚ್ಚಿಸಿ.”

“ಬ್ಯಾಡಿ ಸ್ವಾಮಿ, ತಲೆ ಸುತ್ತತದೆ.”

“ಒಂದು ಹತ್ತು ನಿಮಿಷ.”

ಬಟ್ಟೆ ಬಿಚ್ಚಿದರು. ಗುಂಡಯ್ಯ ಬೆಳಕಿಗೆ ಕಣ್ಣು ಪಿಳುಕಿಸಿದ. ಒಂದು ಸುತ್ತು ಬಂದ. ಎರಡು ಸುತ್ತು ಬಂದ. ಗೋಡೆ, ಬೇವಿನ ಮರ, ಎತ್ತು, ಕುರ್ಚಿ, ಅಕ್ಕ. ಗೋಡೆ, ಮರ, ಎತ್ತು, ಕುರ್ಚಿ, ಅ‌ಕ್ಕ. ಆರನೆಯ ಸುತ್ತಿಗೆ ಕಾಲು ತೊಡರಿತು. ಏಳನೆಯದಕ್ಕೆ ಹಗ್ಗದ ಮೇಲೆಯೇ ಬಗ್ಗಿ ವಾಂತಿ ಮಾಡಿದ. ಬೆಳಗ್ಗೆ ಕುಡಿದ ಅಂಬಲಿಯೆಲ್ಲ ಎದೆಯ ಮೇಲೆ ಸುರಿಯಿತು. ಮಂಡಿಯೂರಿ ಕೂತ.

“ಏಳ್ಲಾ,” ಎಂದರು ಸಾಹುಕಾರರು.

ಅವನು ಏಳಲಿಲ್ಲ. ಕಣ್ಣು ಅಕ್ಕನನ್ನು ಹುಡುಕಿತು. ಸಿಕ್ಕಿತು. ಇಷ್ಟು ಸೋಮವಾರ ಅವಳು ಎಲ್ಲೋ ದೂರದಲ್ಲಿದ್ದಳು, ಅಥವಾ ಬಟ್ಟೆಯ ಆಚೆ ಇದ್ದಳು. ಈಗ ಎದುರಿಗೇ ನಿಂತಿದ್ದಳು.

“ಏಳ್ಲಾ ಗುಂಡ!” ಸಾಹುಕಾರರು ತೊಲೆಯಿಂದಲೇ ಬಾರುಕೋಲಿನ ಮೊನೆಯನ್ನು ಅವನ ಬೆನ್ನಿಗೆ ಚುಚ್ಚಿದರು.

ತುಟಿ ನಗುವಿಗೆ ಎಳೆದುಕೊಂಡಿತು. ವಿದ್ವಾಂಸರ ಲೇಖನಿ ಎದ್ದಿತು. ಆದರೆ ತುಟಿ ಅರ್ಧಕ್ಕೇ ನಿಂತು ಮತ್ತೆ ಮುಚ್ಚಿಕೊಂಡಿತು. ಗುಂಡಯ್ಯ ಎರಡು ಕೈಯಲ್ಲೂ ಮಣ್ಣು ಹಿಡಿದುಕೊಂಡು ಅಲ್ಲೇ ಕುಕ್ಕರುಬಡಿದ.

“ಒಲ್ಲೆ” ಎಂದ.

ಅದು ಅವನ ಐದನೆಯ ಮಾತು. ಎಲ್ಲಿಂದ ಕಲಿತನೋ, ಮೂವತ್ತಾರು ವರ್ಷ ಯಾವ ಮೂಲೆಯಲ್ಲಿ ಇಟ್ಟುಕೊಂಡಿದ್ದನೋ. ಗಾಣದ ಕಿರುಗುಟ್ಟು ನಿಂತಿದ್ದರಿಂದ ಎಲ್ಲರಿಗೂ ಕೇಳಿಸಿತು.

“ಏನಂದೆ?” ಸಾಹುಕಾರರು ಕೋಲು ಎತ್ತಿದರು.

ಶಿವಗಂಗಮ್ಮ ಗೋಡೆ ಬಿಟ್ಟು ಬಂದು ನಡುವೆ ನಿಂತಳು. ಕೋಲನ್ನು ಮೇಲೆಯೇ ಹಿಡಿದುಕೊಂಡಳು. ರಾಗಿಕಲ್ಲು ತಿರುಗಿಸಿದ ಕೈ ಅದು. ಸಾಹುಕಾರರು ಎಳೆದರು, ಅಲುಗಲಿಲ್ಲ.

“ಒಲ್ಲೆ ಅಂದ. ಕಿವಿ ಐತಲ್ಲ ಅಣ್ಣಯ್ಯ? ಒಲ್ಲೆ ಅಂದ.”

“ಬುಡೇ ಕೋಲ! ಕಾಗ್ಜ ನನ್ನತ್ರ ಐತೆ. ಪೊಲೀಸ್ರು ಬತ್ತಾರೆ.”

“ಬರ್ಲಿ. ಬಂದೋರ್ನೂ ಕಟ್ಕೊಂಡು ಗಾಣ ಆಡ್ಸು. ಸ್ವಾಮಾರ ಪೊಲೀಸ್ರ ಕಟ್ಟುದ್ರೂ ದೋಸ ಇಲ್ಲ.”

ಅವಳು ಕೋಲನ್ನು ಕಿತ್ತು ದೂರ ಎಸೆದಳು. ಹಗ್ಗದ ಗಂಟು ಬಿಚ್ಚಿದಳು. ಗೋಣಿ ಗಾಯಕ್ಕೆ ಅಂಟಿಕೊಂಡಿತ್ತು. ತನ್ನ ಸೆರಗು ನೆನೆಸಿ ಮೆಲ್ಲಗೆ ಬಿಡಿಸಿದಳು. ತಮ್ಮನ ಬಾಯಿ ಒರೆಸಿದಳು. ತೋಳು ಹಿಡಿದು ಎಬ್ಬಿಸಿದಳು. ಬಾಗಿಲ ಹತ್ತಿರ ಹೋಗುವಾಗ ಚಂದ್ರಶೇಖರಯ್ಯನವರು ಗಡಿಯಾರ ಹಿಡಿದುಕೊಂಡು ಹಿಂದೆ ಓಡಿ ಬಂದರು.

“ಅಮ್ಮ, ದಯವಿಟ್ಟು! ಇನ್ನರ್ಧ ಗಂಟೆ ಇರಿ. ಎಣಿಕೆ ಅರ್ಧಕ್ಕೆ ನಿಂತುಹೋಗುತ್ತೆ!”

ಅವಳು ತಮ್ಮನನ್ನು ನಡೆಸಿಕೊಂಡು ತನ್ನ ಹಳ್ಳಿಯ ದಾರಿ ಹಿಡಿದಳು.

ಎಂಟು ದಿನ ಕಳೆದು ವಿದ್ವಾಂಸರು ಗಾಡಿ ಮಾಡಿಕೊಂಡು ಅವಳ ಹಳ್ಳಿಗೆ ಬಂದರು. ಸಂಶೋಧನೆ ಪೂರ್ತಿಯಾಗಬೇಕಲ್ಲ. ಶಿವಗಂಗಮ್ಮ ಮಜ್ಜಿಗೆ ಕೊಟ್ಟಳು, ಚಾಪೆ ಹಾಕಿದಳು. ಮನೆಗೆ ಬಂದವರಿಗೆ ಅಷ್ಟು ಮಾಡದೆ ಇರಲು ಅವಳಿಗೆ ಬರುತ್ತಿರಲಿಲ್ಲ. ಗುಂಡಯ್ಯ ಮೊರದಲ್ಲಿ ಅವರೆಕಾಯಿ ಸುಲಿಯುತ್ತಿದ್ದ. ಒಂದು ಕಾಳು ಬಟ್ಟಲಿಗೆ, ಒಂದು ಕಾಳು ಪಕ್ಕದಲ್ಲಿದ್ದ ಕೋಳಿಗೆ. ಹೆಗಲಿನ ಗಾಯ ಹಕ್ಕಳೆಗಟ್ಟಿತ್ತು.

ಬೆಳಗಿನಿಂದ ಮಧ್ಯಾಹ್ನದವರೆಗೆ ಗಡಿಯಾರ ಓಡಿತು. ನಗು ಒಂದೂ ಬೀಳಲಿಲ್ಲ.

“ನಗೋದೇ ಇಲ್ವಲ್ಲಮ್ಮ!”

“ಇಲ್ಲಿ ಅವಂಗೆ ಎದ್ರಿಕೆ ಇಲ್ಲ ಸ್ವಾಮಿ.”

“ಪಾಪ,” ಎಂದು ಚಂದ್ರಶೇಖರಯ್ಯನವರು ನಿಟ್ಟುಸಿರು ಬಿಟ್ಟರು. “ಅರ್ಧ ಗಂಟೆಗೆ ಮೂವತ್ತೊಂದು ಇದ್ದದ್ದು ಸೊನ್ನೆಗೆ ಇಳಿದಿದೆ. ಎಂಥ ಕುಸಿತ! ನೀವು ಪ್ರೀತಿಯಿಂದಲೇ ಅವನಿಗೆ ದ್ರೋಹ ಮಾಡ್ತಿದ್ದೀರಿ.”

ಅವರ ಕಣ್ಣಲ್ಲಿ ನೀರಿತ್ತು. ಒಳ್ಳೆಯ ಮನುಷ್ಯ ಎಂದು ಮೊದಲೇ ಹೇಳಿದೆನಲ್ಲ.

ವರದಿ ಅಮಲ್ದಾರರಿಗೆ ಹೋಯಿತು. ಆಸಾಮಿಗೆ ಗಾಣದಲ್ಲಿ ಪರಮ ಸುಖ. ಅಕ್ಕನ ಮನೆಯಲ್ಲಿ ಸುಖದ ಸುಳಿವಿಲ್ಲ. ಮೇಲಾಗಿ ಒಂದು ಹೊಸ ದುರ್ವರ್ತನೆ ಕಾಣಿಸಿಕೊಂಡಿದೆ, ಅದರ ಹೆಸರು ಮೊಂಡುತನ. ಗಾಣ ಬಿಡಿಸಿದ್ದೇ ಅದಕ್ಕೆ ಕಾರಣ. ಅಮಲ್ದಾರರು ಕೊಟ್ಟ ಮಾತಿನಂತೆ ಹುಕುಂ ಹೊರಡಿಸಿದರು: ಸದರಿ ಗುಂಡಯ್ಯನನ್ನು ಅವನ ಯೋಗಕ್ಷೇಮದ ದೃಷ್ಟಿಯಿಂದ, ಯಾವ ಬಲಾತ್ಕಾರವೂ ಇಲ್ಲದೆ, ಮನವೊಲಿಸಿ ಪಂಚಾಕ್ಷರಯ್ಯನವರ ಮನೆಗೆ ತಲುಪಿಸತಕ್ಕದ್ದು.

ಹುಕುಂ ಹೊತ್ತು ತಂದವನು ಕಚೇರಿಯ ಜವಾನ ತಮ್ಮಯ್ಯ. ಮುದುಕ. ಎದೆಗೆ ಅಡ್ಡಪಟ್ಟಿ, ಅದರ ಮೇಲೆ ಹಿತ್ತಾಳೆಯ ಬಿಲ್ಲೆ. ಗುಡಿಸಲ ಮುಂದೆ ನಿಂತು, ಕಾಗದ ಬಿಚ್ಚಿ, ಅಕ್ಷರ ಕೂಡಿಸಿ ಕೂಡಿಸಿ ಓದಿದ.

“ಕಳಿಸ್ಕೊಟ್ಬುಡವ್ವ. ನಾನು ಸರ್ಕಾರದ ಉಪ್ಪುಣ್ಣೋನು.”

“ನಾನ್ಯಾಕೆ ಕಳಿಸ್ಲಿ? ನಾನೇನು ಅವನ ಸಾವ್ಕಾರಳಾ? ಕಾಗ್ಜದಲ್ಲಿ ಅವನ ಎಸ್ರು ಐತೆ. ಅವನ್ನೇ ಕೇಳು.”

“ಅವನ್ನಾ?” ತಮ್ಮಯ್ಯ ತಲೆ ಕೆರೆದುಕೊಂಡ. “ಅವಂಗೆ ಏನ್ ತಿಳೀತದೆ?”

“ಮೈಸೂರ್ನೋರು ಕೇಳ್ನಿಲ್ಲ, ಅಮಲ್ದಾರ್ರು ಕೇಳ್ನಿಲ್ಲ. ನೀನು ಕೇಳ್ನೋಡು. ಮನವೊಲ್ಸಿ ಅಂತ ಬರ್ದೈತಲ್ಲ, ಮನ ಅವಂದೇ ತಾನೆ?”

ತಮ್ಮಯ್ಯನಿಗೆ ಅದು ಸರಿ ಎನ್ನಿಸಿತು. ನಲವತ್ತು ವರ್ಷದ ನೌಕರಿಯಲ್ಲಿ ಅವನು ಯಾರನ್ನೂ ಬರುತ್ತೀಯಾ ಎಂದು ಕೇಳಿದವನಲ್ಲ, ಬಾ ಎಂದವನು. ಹೇಗೆ ಕೇಳಬೇಕೆಂದು ತಿಳಿಯದೆ ಗುಂಡಯ್ಯನ ಎದುರಿಗೆ ಕುಕ್ಕರಗಾಲಲ್ಲಿ ಕೂತ.

“ಅಪ್ಪಾ ಗುಂಡಯ್ಯ, ಗಾಣಕ್ಕೆ ಬತ್ತೀಯೇನಪ್ಪ?”

ಗುಂಡಯ್ಯ ಬಿಲ್ಲೆಯನ್ನು ನೋಡಿದ. ತುಟಿಯ ಕೊನೆ ಅದುರಿತು. ಹಲ್ಲು ಒಂದಿಷ್ಟು ಕಂಡಿತು. ಶಿವಗಂಗಮ್ಮ ಏನೂ ಹೇಳಲಿಲ್ಲ. ಹೇಳಿಕೊಟ್ಟಳು ಎಂದು ಯಾರೂ ಆಡಬಾರದಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಗಿಹಿಡಿದು ನಿಂತಳು. ಕೋಳಿ ಬಂದು ಬಟ್ಟಲಿಗೆ ಬಾಯಿ ಹಾಕಿತು. ಗುಂಡಯ್ಯ ಅದನ್ನು ಓಡಿಸಿ, ಇನ್ನೊಂದು ಅವರೆಕಾಯಿ ಎತ್ತಿಕೊಂಡ. ಅಷ್ಟು ಹೊತ್ತಿಗೆ ಹಲ್ಲು ಮರೆಯಾಗಿತ್ತು.

“ಒಲ್ಲೆ.”

“ಸರ್ಯಾಗಿ ಯೋಚ್ನೆ ಮಾಡಪ್ಪ.”

“ಒಲ್ಲೆ ಒಲ್ಲೆ.”

ತಮ್ಮಯ್ಯ ಎದ್ದು ಮಂಡಿ ಒರೆಸಿಕೊಂಡ. ಹುಕುಮಿನ ಬೆನ್ನಿಗೆ, ಕಿವಿಯಲ್ಲಿದ್ದ ಸೀಸದ ಕಡ್ಡಿ ತೆಗೆದು, ಕಚೇರಿಯಲ್ಲಿ ಕಲಿತ ಅಷ್ಟೂ ಕನ್ನಡ ಖರ್ಚು ಮಾಡಿ ಬರೆದ: ‘ಆಸಾಮಿಯನ್ನು ಖುದ್ದು ಕೇಳಲಾಗಿ, ಒಲ್ಲೆ ಎಂದನು.’

ಆ ಒಂದು ಸಾಲು ಕಚೇರಿಯಲ್ಲಿ ದೊಡ್ಡ ತೊಂದರೆ ಮಾಡಿತು. ಯೋಗಕ್ಷೇಮಕ್ಕೆಂದು ಹೊರಟ ಹುಕುಂ. ಕೈಕಾಲು ಕಟ್ಟಿ ಎಳೆದು ತಂದರೆ ಯೋಗಕ್ಷೇಮ ಎಂದು ಬರೆಯುವ ಹಾಗಿಲ್ಲ. ಬುದ್ಧಿಯಿಲ್ಲದವನ ಉತ್ತರ ಉತ್ತರವೇ ಅಲ್ಲ ಎನ್ನೋಣವೆಂದರೆ, ಬುದ್ಧಿಯಿಲ್ಲದವನ ಮನವನ್ನು ಒಲಿಸಿ ಎಂದು ತಾವೇ ರುಜು ಹಾಕಿದ್ದಾರೆ. ಅಮಲ್ದಾರರು ಯೋಚಿಸಿ, ಮತ್ತೊಮ್ಮೆ ಮನವೊಲಿಸತಕ್ಕದ್ದು ಎಂದು ಬರೆದರು.

ಇತ್ತ ಪಂಚಾಕ್ಷರಯ್ಯನವರು ಮೂರು ಸೋಮವಾರ ನಿಂತ ಗಾಣವನ್ನು ನೋಡಿ ಮಠಕ್ಕೆ ಹೋಗಿ ಕೇಳಿಕೊಂಡು ಬಂದರು. ಸೋಮವಾರ ಮಧ್ಯಾಹ್ನ ಮೂರು ಗಂಟೆಯಿಂದ ಮಂಗಳವಾರದ ಲೆಕ್ಕ ಎಂದು ಅಲ್ಲಿ ತಿಳಿಯಿತಂತೆ. ಎತ್ತಿನ ಹೆಗಲಿಗೆ ಮೂರಕ್ಕೇ ನೊಗ ಬಿತ್ತು, ಶಿವನಿಗೆ ಅರ್ಧ ದಿನದ ರಜಾ ಸಾಕಾಯಿತು. ಚಂದ್ರಶೇಖರಯ್ಯನವರ ಸಂಶೋಧನೆ ಪುಸ್ತಕದಲ್ಲಿ ಅಚ್ಚಾಗಿ, ಮೂವತ್ತೊಂದರಿಂದ ಸೊನ್ನೆಗೆ ಇಳಿಯುವ ಗೆರೆಯ ಸಮೇತ, ಸಮುದ್ರ ದಾಟಿತು ಎಂದು ಕೇಳಿದ್ದೇವೆ.

ತಮ್ಮಯ್ಯ ಎರಡನೆಯ ಸಲ ಬಂದ, ಕೇಳಿದ, ಬರೆದುಕೊಂಡು ಹೋದ. ಮೂರನೆಯ ಸಲ ಬಂದಾಗ ಬಿಲ್ಲೆಯನ್ನು ಬಿಚ್ಚಿ ಜೇಬಿನಲ್ಲಿ ಇಟ್ಟುಕೊಂಡು ಬಂದ. ನಾಲ್ಕನೆಯ ಸಲಕ್ಕೆ ಬಿಸಿಲು ಜೋರಾಗಿತ್ತು, ಕಾಲು ನೋಯುತ್ತಿತ್ತು. ಗುಂಡಯ್ಯ ಅಕ್ಕನ ಜೊತೆ ದೂರದ ಹೊಲದಲ್ಲಿ ರಾಗಿಗೆ ಕಳೆ ಕೀಳುತ್ತಿದ್ದ. ಮುದುಕ ರಸ್ತೆಯ ಮೇಲೆಯೇ ನಿಂತು, ಎರಡು ಕೈ ಬಾಯಿಗೆ ಹಿಡಿದು ಕೂಗಿದ.

“ಗುಂಡಯ್ಯೋ! ಬತ್ತೀಯೇನಪ್ಪೋ?”

ಹೊಲದಲ್ಲಿದ್ದ ಹೆಂಗಸರೆಲ್ಲ ಬೆನ್ನು ನೆಟ್ಟಗೆ ಮಾಡಿ ನೋಡಿದರು. ಗುಂಡಯ್ಯ ಕೈಯಲ್ಲಿದ್ದ ಕಳೆಯನ್ನು ಬದಿಗೆ ಎಸೆದು ಎದ್ದು ನಿಂತ. ಎದೆ ತುಂಬ ಉಸಿರು ಎಳೆದುಕೊಂಡು, ಇಡೀ ಬಯಲಿಗೆ ಕೇಳುವ ಹಾಗೆ ಉತ್ತರ ಕೊಟ್ಟ. ತಮ್ಮಯ್ಯ ಅಲ್ಲೇ ಕೂತು, ಕಾಗದವನ್ನು ತೊಡೆಯ ಮೇಲೆ ಇಟ್ಟುಕೊಂಡು, ಕೇಳಿದ್ದನ್ನು ಕೇಳಿದ ಹಾಗೇ ಬರೆದುಕೊಂಡ.